ಅಂಚಿಗೆ ನೀರು

ಅರಸೀಕೆರೆಯಲ್ಲಿ ನಮ್ಮ ಬೀದಿಗೆ ನಲ್ಲಿ ನೀರು
ಒಂಬತ್ತು ದಿನಕ್ಕೊಮ್ಮೆ, ಅದೂ ಸರಿರಾತ್ರಿ,
ಹುಬ್ಬಳ್ಳಿ ಕಡೆಯ ರೈಲು ಕೂಗಿ ಹೋದ ಮೇಲೆ.
ನೀರುಗಂಟಿ ಓಂಕಾರಿ ವಾಲ್ವು ತಿರುಗಿಸುವ ಸದ್ದಿಗೆ
ಬೀದಿಗೆ ಬೀದಿಯೇ ಎದ್ದು ಕೂರುತ್ತದೆ.
ಕೊಡ, ಡ್ರಮ್ಮು, ಕೂಸಿನ ಟಬ್ಬು,
ಮದುವೆಗೆ ಮುಯ್ಯಿ ಬಂದ ಕಡಾಯಿ ಕೂಡ.

ಆ ಹೊತ್ತಲ್ಲಿ ಮರಕ್ಕೂ ಒಂದು ಕೊಡ ಅಂದರೆ
ಯಾರಾದರೂ ನಕ್ಕಾರು.
ನಕ್ಕರು.

ನಾನು ಬಟ್ಟೆ ಹೊಲಿಯುವವಳು.
ಬಾಗಿಲಲ್ಲಿ ಮಷೀನು, ಮಷೀನಿನ ಮೇಲೆ ಹೊಂಗೆ ನೆರಳು.
ಅದಿಲ್ಲದಿದ್ದರೆ ಏಪ್ರಿಲಿನಲ್ಲಿ
ಕಬ್ಬಿಣದ ಗಾಲಿ ಮುಟ್ಟುವ ಹಾಗಿಲ್ಲ.
ಇದು ಪ್ರೀತಿ ಗೀತಿ ಅಲ್ಲ, ಬಾಡಿಗೆ:
ಅದು ನೆರಳು ಕೊಡುತ್ತದೆ, ನಾನು ಅಕ್ಕಿ ತೊಳೆದ ನೀರು.

ಮೊದಮೊದಲು ಬುಡಕ್ಕೇ ಸುರಿಯುತ್ತಿದ್ದೆ,
ಹಸುಗೂಸಿನ ಬಾಯಿಗೆ ಒಳಲೆ ಇಟ್ಟ ಹಾಗೆ.
ಓಂಕಾರಿ ನೋಡಿದ, ಬೀಡಿ ಆರಿಸಿದ.
"ತಾಯಿ, ಅದು ಅಲ್ಲಿ ಕುಡಿಯಲ್ಲ.
ನಡುಮಧ್ಯಾಹ್ನ ನೆರಳು ಎಲ್ಲಿ ಮುಗೀತದೋ
ಅಲ್ಲೊಂದು ಗೆರೆ ಎಳಕೊ.
ಬೇರಿನ ಬಾಯಿ ಇರೋದು ಅಂಚಿನಾಗೆ."

ಅಂಚು ಅಂದರೆ ನನಗೆ ಹೇಳಿಕೊಡಬೇಕೆ!
ಎಷ್ಟು ಸೀರೆಗೆ ಫಾಲು ಹಾಕಿಲ್ಲ ಈ ಕೈ.
ಬಟ್ಟೆ ಮಾಸುವುದು ಅಂಚಿಂದ, ಎಳೆ ಬಿಡುವುದು ಅಂಚಿಂದ,
ಬಾಳಿಕೆ ಬರುವುದೂ.

ಮಾರನೆಯ ದಿನ ಹನ್ನೆರಡೂವರೆಗೆ
ಟೇಪು ಹಿಡಿದು ನೆರಳಿನ ಅಳತೆ ತೆಗೆದೆ.
ಮೂಡಲಿಗೆ ನೂರಾ ನಲವತ್ತು ಇಂಚು.
ಪಡುವಲಿಗೆ ಎಂಬತ್ತೂ ಇಲ್ಲ,
ಕರೆಂಟಿನವರು ಸವರಿದ ಕಡೆ.
ಹೊಲಿಯಲು ಬಾರದವರ ಕೈಗೆ ಕತ್ತರಿ.

ಎದೆಸುತ್ತು ಮೂವತ್ತೆಂಟು. ನಗು ಬಂತು,
ಎದುರುಮನೆ ಶಂಷಾದಳದೂ ಅಷ್ಟೇ.
ಸುತ್ತಿ ಬರುವಾಗ ಬೆರಳಿಗೆ ಏನೋ ತಾಗಿತು.
ತಂತಿ. ಸಸಿಯಾಗಿದ್ದಾಗ ಯಾರೋ ಬೇಲಿಗೆ ಕಟ್ಟಿದ್ದು,
ಬಿಚ್ಚಲು ಮರೆತದ್ದು, ತೊಗಟೆ ನುಂಗಿಕೊಂಡದ್ದು.

ಬೆಳೆಯುವ ಹುಡುಗಿಗೆ ಲಂಗ ಹೊಲಿಯುವಾಗ
ಒಳಗೆ ನಾಲ್ಕು ಬೆರಳು ಮಡಚಿಟ್ಟಿರುತ್ತೇವೆ,
ವರ್ಷಕ್ಕೊಂದು ಹೊಲಿಗೆ ಬಿಚ್ಚಿಕೊಳ್ಳಲಿ ಎಂದು.
ಮರಕ್ಕೆ ಯಾರೂ ಬಿಟ್ಟಿರಲಿಲ್ಲ ಒಳಬಟ್ಟೆ.
ತಂತಿ ತುಂಡಾಯಿತು, ಕತ್ತರಿಯ ಮೊನೆಯೂ.
ಹೊಸದಕ್ಕೆ ಮುನ್ನೂರೈವತ್ತು. ಇರಲಿ.

ಅಷ್ಟರಲ್ಲಿ ಬಂತು ಕಾಂಕ್ರೀಟು ರಸ್ತೆ.
ಮೇಸ್ತ್ರಿ ಬೈರೇಶ, ಬುಡದವರೆಗೂ ಬಳಿಯುವ ಆಸಾಮಿ.
"ಕೊರಳು ಬಿಡಪ್ಪ, ಉಸಿರಾಡಲಿ" ಅಂದೆ.
"ಎಷ್ಟು ಬಿಡ್ಲಿ ಅಕ್ಕ, ರೌಂಡ್ ನೆಕ್ಕಾ, ಬೋಟ್ ನೆಕ್ಕಾ?"
ಕೆಲಸದವರೆಲ್ಲ ಬಾಂಡ್ಲಿ ಇಳಿಸಿ ನಕ್ಕರು.
ಸುಣ್ಣದಲ್ಲಿ ರೌಂಡು ಬರೆದುಕೊಟ್ಟೆ, ಮೂರಡಿ.
ಬಿಟ್ಟ, ಪಾಪ, ಅಳತೆ ತಪ್ಪದೆ ಬಿಟ್ಟ.

ಆದರೆ ಅಂಚು?
ಅಂಚು ರಸ್ತೆಯ ಅಡಿಗೆ ಹೋಯಿತು.

ಅವತ್ತು ನೀರಿನ ರಾತ್ರಿ.
ಸಿಮೆಂಟು ಇನ್ನೂ ರೊಟ್ಟಿ ಹಿಟ್ಟಿನ ಹದ.
ಓಂಕಾರಿ ವಾಲ್ವಿನ ಸಲಾಕೆ ತಂದ.
ಶಂಷಾದ್ ಟಾರ್ಚು ಹಿಡಿದಳು, ನಾನು ಟೇಪು.
ನೆರಳಿಲ್ಲದ ಹೊತ್ತಲ್ಲಿ, ನೆನಪಿಟ್ಟ ಅಳತೆಯ ಮೇಲೆ,
ಮೊಳಕ್ಕೊಂದರಂತೆ ಚುಚ್ಚಿದೆವು,
ತೂತಿಗೊಂದು ಪೈಪಿನ ತುಂಡು ನೆಟ್ಟೆವು.
ರಸ್ತೆಯ ಮೇಲೆ ದೊಡ್ಡ ದೊಡ್ಡ ಕಚ್ಚು ಹೊಲಿಗೆ.

ಬೆಳಗ್ಗೆ ಬೈರೇಶ ಸೊಂಟದ ಮೇಲೆ ಕೈಯಿಟ್ಟು ನಿಂತ.
ಬೈಯಲು ಬಾಯಿ ತೆರೆದವನು
ಎಣಿಸಿಕೊಂಡು ಹೋದ. ಹತ್ತೊಂಬತ್ತು.

ಈಗ ಎರಡು ಕಟ್ಟಿಕೊಂಡಿವೆ.
ಒಂದರ ಮೇಲೆ ಯಾರದೋ ಸ್ಕೂಟರು ನಿಲ್ಲುತ್ತದೆ.
ಉಳಿದವಕ್ಕೆ ಯಾರೋ ಒಬ್ಬರು, ನೋಡದ ಹೊತ್ತಲ್ಲಿ,
ತರಕಾರಿ ತೊಳೆದದ್ದೋ, ವಜೂ ಮಾಡಿದ್ದೋ,
ಒಂದು ಚೊಂಬು ಬಗ್ಗಿಸಿ ಹೋಗುತ್ತಾರೆ.
ರೌಂಡಿನೊಳಗೆ ಕೊಬ್ಬರಿ ಮಂಡಿಯಿಂದ ತಂದ ಮಟ್ಟೆ ಹಾಸಿದ್ದೇನೆ,
ನಾರು ಕೆಳಗೆ, ಬೆನ್ನು ಮೇಲೆ.
ಬೆರಳು ತೂರಿಸಿದರೆ ಮೇ ತಿಂಗಳಲ್ಲೂ ತಣ್ಣಗೆ.

ಯುಗಾದಿಗೆ ಚಿಗುರಿತು. ಎಲ್ಲ ಹೊಂಗೆಯೂ ಚಿಗುರುತ್ತದೆ,
ಅದೇನು ನನ್ನ ಹೆಚ್ಚುಗಾರಿಕೆಯಲ್ಲ.
ಪಡುವಲ ಕಡೆ ಮಾತ್ರ
ಹೋದ ವರ್ಷಕ್ಕಿಂತ ನಾಲ್ಕಿಂಚು ಜಾಸ್ತಿ.
ಟೇಪು ಹಳೆಯದು, ಸ್ವಲ್ಪ ಹಿಗ್ಗಿರಲೂಬಹುದು.