ಒಂದರಿಂದ ಐದು

ತಿಲಕನಗರದ ಸಂದಿಯಲ್ಲಿ, ಟಯರ್ ಅಂಗಡಿಯ ಮಹಡಿ ಮೇಲೆ
ನಮ್ಮ ಕ್ಲಿನಿಕ್ಕು. ಗುರುವಾರ ಮೂತ್ರಕೋಶದ ಡಾಕ್ಟರು ಬರುತ್ತಾರೆ.
ನಾನು ಬ್ರದರ್. ಹೆಸರು ಯಾರೂ ಕೇಳುವುದಿಲ್ಲ.
ಗಾಜು ಬಟ್ಟೆ ಕತ್ತರಿಸುವವನು, ಕಟ್ಟು ಬಿಚ್ಚುವವನು.
ಈ ವರ್ಷ ಕೈಗೊಂದು ಫಾರಮ್ಮೂ ಬಂದಿದೆ:
ಸುನ್ನತಿಯಾದ ಗಂಡಸರನ್ನು ಕೇಳಬೇಕು,
ತೃಪ್ತಿ ಎಷ್ಟು, ಒಂದರಿಂದ ಐದರೊಳಗೆ.

ಇಂಥದಕ್ಕೆ ಗಂಡಸರು ಫ್ಯಾನು ನೋಡಿಕೊಂಡು ಉತ್ತರಿಸುತ್ತಾರೆ.

ಖಲಂದರ್ ಸಾಬಿ ಮಾತ್ರ ನನ್ನನ್ನೇ ನೋಡಿ ನಕ್ಕ.
ಜೇಸಿ ರೋಡಿನಲ್ಲಿ ಕಾರಿನ ಡೊಂಕು ತೆಗೆಯುವವನು,
ಬಂದದ್ದು ಕಿಡ್ನಿ ಕಲ್ಲಿಗೆ.
"ನಿನ್ನ ಮೂಗಿಗೆ ನೀನೆಷ್ಟು ಮಾರ್ಕ್ಸ್ ಕೊಡ್ತೀಯಪ್ಪ?
ಇದ್ದದ್ದು ಇದೆ. ಐದು ಬರ್ಕೋ."
ಮುಂಜಿಯ ದಿನದ್ದು ಅವನಿಗೆ ನೆನಪಿರುವುದು
ಜರಿ ಟೋಪಿ, ಸೇವಂತಿಗೆ ಹಾರ,
ಮಾಮ ಬಾಯಿಗೆ ತುರುಕಿದ ಬಾದುಷಾ.
ಮುಂಜಿ ಅನ್ನುತ್ತಾನೆ ಅವನು. ನಮ್ಮಲ್ಲೂ ಮುಂಜಿಯೇ:
ಕಬ್ಬನ್‌ಪೇಟೆ ನೇಕಾರರ ಮನೆ, ನನಗೆ ದಾರ ಹಾಕಿದರು,
ಅವನಿಗೆ ತೆಗೆದರು.
ಎರಡಕ್ಕೂ ಒಂದೇ ಮಾತು ಕೊಟ್ಟು
ಕನ್ನಡ ಆ ಕಡೆ ತಿರುಗಿ ಕೂತಿದೆ.

ತಬ್ರೇಜ್‌ಗೆ ಮೂವತ್ತೊಂದು, ಕನ್ನಡಕದಂಗಡಿ.
ನೋವಿಲ್ಲ, ಉರಿಯಿಲ್ಲ, ಹೆಂಡತಿಯ ದೂರೂ ಇಲ್ಲ.
ಮೂರು ರಾತ್ರಿ ಕೂತು ಓದಿದನಂತೆ,
ಅಲ್ಲಿ ಏನಿತ್ತು, ಅದರ ಕೆಲಸವೇನು ಎಂದು.
"ನನ್ನನ್ನ ಯಾರೂ ಕೇಳಲೇ ಇಲ್ಲ ಬ್ರದರ್" ಎಂದ.
ಎರಡು ಬರೆಸಿದ. ಆಮೇಲೆ ಪೆನ್ನು ಕಸಿದು ಒಂದು ಮಾಡಿದ.
ಹೋದ ತಿಂಗಳು ಕೇಳಿದ್ದರೆ?
"ಹೋದ ತಿಂಗಳು ನನಗೆ ಗೊತ್ತೇ ಇರಲಿಲ್ಲವಲ್ಲ."

ಹೂವಿನ ಮಾರ್ಕೆಟ್ಟಿನ ಸಣ್ಣತಿಮ್ಮಯ್ಯನದು ಸಕ್ಕರೆ ಕಾಯಿಲೆಯ ದೆಸೆ;
ಐವತ್ತಾರರಲ್ಲಿ ಕೊಯ್ಸಿಕೊಂಡ.
ವರ್ಷಗಟ್ಟಲೆಯ ಉರಿ ನಿಂತಿದೆ, ದೇವರಂಥ ಡಾಕ್ಟರು,
ಐದಕ್ಕೆ ಹತ್ತು ಹಾಕಿ ಎಂದವನು
ಮೆಟ್ಟಿಲಿನಿಂದ ವಾಪಸು ಬಂದ.
"ಅಲ್ಲ ಸ್ವಾಮಿ, ನಾನು ಸತ್ತಾಗ
ಮೈ ತೊಳೆಯೋಕೆ ನಮ್ಮೋರೇ ಬರ್ತಾರಲ್ಲ.
ನೋಡಿ ಏನಂದ್ಕೋತಾರೆ?"
ಅದಕ್ಕೆ ಎಷ್ಟು ಕಳೆಯಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.
ಮೂರು ಬರೆದೆ. ನನ್ನದೇ ಲೆಕ್ಕ.

ಅಪ್ಪ ಮಗ್ಗದಿಂದಿಳಿಸಿದ ಸೀರೆಯಲ್ಲಿ
ಒಂದು ಎಳೆ ತಪ್ಪಿದ್ದರೆ ಬಾಯಿ ಬಿಡುತ್ತಿರಲಿಲ್ಲ.
ಹೇಳುವ ತನಕ ಸೀರೆ ಇರುತ್ತದೆ,
ಹೇಳಿದ ಮೇಲೆ ಎಳೆ ಇರುತ್ತದೆ, ಎನ್ನುತ್ತಿದ್ದರು.
ಮೋಸ ಎಂದು ಒಮ್ಮೆ ಜಗಳವಾಡಿದ್ದೆ.
ಉಟ್ಟವಳು ಮಾತ್ರ ಅದೇ ಸೀರೆಯಲ್ಲಿ
ಮೂರು ಮದುವೆ ಮಾಡಿದಳು.

ಶ್ರಾವಣದಲ್ಲಿ ಅವೆನ್ಯೂ ರೋಡಿನ ಪ್ರೆಸ್ಸಿನವನು
ಫಾರಮ್ಮಿನ ಹಾಳೆ ಅದಲುಬದಲು ಮಾಡಿ ಕೊಟ್ಟ.
"ತೆಗೆದ ಭಾಗದ ಕೆಲಸ ನಿಮಗೆ ಗೊತ್ತೇ?"
ಕೊನೆಗಿರಬೇಕಾದದ್ದು ಮೊದಲಿಗೆ ಬಂತು.
ಅದೇ ಬೀದಿ, ಅದೇ ಗಂಡಸರು, ಅದೇ ಗಾಯದ ಗೆರೆ;
ಆ ವಾರದ ಐದುಗಳೆಲ್ಲ ಮೂರಕ್ಕಿಳಿದವು.
ಡಾಕ್ಟರು ಹಾಳೆ ತಿರುವಿ ಹಾಕಿ, ಹರಿದುಬಿಡಿ ಎಂದರು.
ನಾನು ಹರಿಯಲಿಲ್ಲ.
ಹತ್ತಿಯ ಡಬ್ಬದ ಕೆಳಗಿವೆ.

ಯಾವುದು ನಿಜದ ಅಂಕೆ?
ತಬ್ರೇಜ್‌ನ ಒಂದನ್ನು ಓದಿನ ಜ್ವರ ಎನ್ನಲಾರೆ,
ಕೇಳದೆ ಮಾಡಿದ್ದು ಕೇಳದೆ ಮಾಡಿದ್ದೇ.
ಖಲಂದರನ ಐದನ್ನು ಅಜ್ಞಾನ ಎನ್ನಲೂ ನಾಲಿಗೆ ಏಳದು,
ಅದರೊಳಗೆ ಮಾಮ ಇದ್ದಾನೆ, ಬಾದುಷಾ ಇದೆ,
ಪಂಕ್ತಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತ
ನಲವತ್ತು ವರ್ಷದ ಶುಕ್ರವಾರಗಳಿವೆ.

ನಿನ್ನೆ ಕಲ್ಲು ಬಿದ್ದು ಹಗುರಾಗಿ ಬಂದಿದ್ದ.
ಇಳಿಯುತ್ತ, ಕೆಳಗೆ ಟಯರಿಗೆ ಗಾಳಿ ತುಂಬುವ ಸದ್ದಿನ ಮೇಲೆ
ಕೂಗಿದ:
"ಏಯ್, ಆವತ್ತು ಕೊನೇಲಿ ಕೇಳಿದ್ಯಲ್ಲ,
ಅದರ ಕೆಲಸ ಏನಿತ್ತು ಅಂತ. ಏನಿತ್ತು?"

ಬಾಯಿ ತೆರೆದೆ.
ಕಂಪ್ರೆಸರ್ ಜೋರಾಯಿತು.
ಮುಂದಿನ ಗುರುವಾರ ಬಾ ಎಂದು ಕೈಸನ್ನೆ ಮಾಡಿದೆ.