ಸ್ವಲ್ಪ ಎತ್ತಿ, ಆಮೇಲೆ ತಳ್ಳಿ

ಮೂರು ಕಾರು ಸಾಕಿದ್ದೇನೆ ಈ ಜನ್ಮದಲ್ಲಿ.
ಮಾರುತಿ ಒಳ್ಳೆಯದು, ಹೇಳುವುದಕ್ಕೇನೂ ಇಲ್ಲ,
ಸಾಧು ಅಳಿಯನ ಹಾಗೆ.
ಈಗಿನದು ತಾನೇ ಮಾತಾಡುತ್ತದೆ,
ಬೆಲ್ಟು ಹಾಕು ಅಂತ ನನಗೇ ಗದರುತ್ತದೆ.

ಫಿಯೆಟ್ಟು ಮಾತ್ರ—
ಮಜ್ಜಿಗೆ ಬಣ್ಣದ್ದು, ಭದ್ರಾವತಿ ಕಾರ್ಖಾನೆಯ
ಫೋರ್‌ಮನ್ ಲಾಜರಸ್ ಹತ್ತಿರ ಕೊಂಡದ್ದು,
ಹದಿನೆಂಟು ಸಾವಿರ; ಅದರಲ್ಲಿ ನನ್ನ ಎರಡು ಬಳೆ.
ಎಡಬಾಗಿಲು ಜೋತುಬಿದ್ದಿತ್ತು.
ಹತ್ತಿದವರಿಗೆಲ್ಲ ಹೇಳಿ ಹೇಳಿ ಬಾಯಿ ಸವೆದಿತ್ತು:
ಎತ್ತಿ, ಸ್ವಲ್ಪ ಎತ್ತಿ, ಹಾಂ, ಈಗ ತಳ್ಳಿ.

ಆಗುಂಬೆಯ ಏಳನೇ ತಿರುವಿನಲ್ಲಿ
ಕುದಿದು ನಿಂತಿತು ಒಮ್ಮೆ.
ಇವರು ಬಾನೆಟ್ ಎತ್ತಿ ವೇದಾಂತ ಶುರುಮಾಡಿದರು.
ಕುಡಿಯುವ ನೀರು ಮುಗಿದ ಮೇಲೆ
ಕ್ಯಾರಿಯರಿನ ತಿಳಿಸಾರೂ ಹೊಯ್ದೆ ನಾನು.
ತೀರ್ಥಹಳ್ಳಿಯವರೆಗೂ ಇಂಗಿನ ಘಮ.

ತೊಂಬತ್ತೇಳರಲ್ಲಿ ಆಟೋ ಕಾಂಪ್ಲೆಕ್ಸಿನ ದಾದಾಪೀರ್
ಹಗ್ಗ ಕಟ್ಟಿ ಎಳೆದೊಯ್ದ.
ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ.
ಒಗೆದದ್ದನ್ನೇ ಮತ್ತೆ ಒಗೆದೆ.

ಹೋದ ವಾರ, ರಿಪ್ಪನ್‌ಪೇಟೆ ದಾಟಿ,
ನಾಟಿ ಮೊಟ್ಟೆಗೆಂದು ಇಳಿದ ಮನೆಯಲ್ಲಿ
ಕೋಳಿಗೂಡಿಗೊಂದು ಬಾಗಿಲು.
ಬಣ್ಣ ಮಜ್ಜಿಗೆಯೇ, ಗಾಜಿದ್ದಲ್ಲಿ ಜಾಲರಿ.
ಊರಲ್ಲಿ ಎಷ್ಟು ಫಿಯೆಟ್ಟುಗಳಿದ್ದವೋ,
ನನ್ನದೇ ಎಂದು ಹೇಗೆ ಹೇಳಲಿ.

ಹುಡುಗಿ ಒದೆಯುತ್ತಿದ್ದಳು, ಮುಚ್ಚುತ್ತಿರಲಿಲ್ಲ.
ಒದೀಬೇಡ್ವೇ ಮಾರಾಯ್ತಿ, ಬಿಡು ಇಲ್ಲಿ, ಅಂದೆ.
ಕೈ ತಾನಾಗಿ ಎತ್ತಿತು,
ಆಮೇಲೆ ತಳ್ಳಿತು.
ಟಕ್.

ಹುಡುಗಿ ನನ್ನ ಮುಖ ನೋಡಿದಳು.
ಒಳಗೆ, ಜಾಲರಿಗೆ ಕೊರಳು ಚಾಚಿ,
ಮುಂದಿನ ಸೀಟಿನವನ ಗತ್ತಿನಲ್ಲಿ
ಹುಂಜವೊಂದು ರಸ್ತೆ ನೋಡುತ್ತಿತ್ತು.