ಮೂರನೇ ಮಾಳಿಗೆಯ ಕೊಂಡಿ

ಕಾಳಾಚೌಕಿಯ ನಮ್ಮ ಚಾಳಿನ ಮೂರನೇ ಮಾಳಿಗೆ,
ಹನ್ನೊಂದು ಖೋಲಿಗೆ ಒಂದೇ ಸಂಡಾಸು.
ಕದದ ಕೊಂಡಿ ಕಳಚಿ ಎಷ್ಟು ಮಳೆಗಾಲವಾಯಿತೋ.
ಒಳಗಿದ್ದವರು ಕೆಮ್ಮಬೇಕು, ಅದೇ ಕಾನೂನು.
ತಾವಡೆ ಕಾಕಾ ಅಭಂಗ ಗುನುಗುತ್ತಿದ್ದರು,
ಡಿಮೆಲ್ಲೋ ಬಾಯಿಗೆ ಬಂದದ್ದು ಬೈಯುತ್ತಿದ್ದ,
ನಾನು ಬಾಲ್ದಿ ಒದೆಯುತ್ತಿದ್ದೆ.

ಲಿಫ್ಟು ರಿಪೇರಿ ನನ್ನ ಕಸುಬು.
ಮೂವತ್ತೆಂಟು ಮಹಡಿ ಏರಿಸಿ ಇಳಿಸುವವನಿಗೆ
ಒಂದು ಕದ ಯಾವ ಲೆಕ್ಕ?
ಗುಜರಿಗೆ ಹೊರಟಿದ್ದ ಲಿಫ್ಟಿನ ಕೆಂಪು ದೀಪ ತಂದೆ,
ಹೊಸ ಕೊಂಡಿ ಜಡಿದು ತಂತಿ ಎಳೆದೆ.
ಹಾಕಿದರೆ ಉರಿಯುತ್ತದೆ, ತೆಗೆದರೆ ಆರುತ್ತದೆ.
ಚಾಳಿಗೆ ಚಾಳೇ ಚಪ್ಪಾಳೆ.
ಸುಕ್ಕಿ ಪೂಜಾರ್ತಿ ಚಹಾ ಕೊಟ್ಟಳು, ಸಕ್ಕರೆ ಹೆಚ್ಚೇ ಹಾಕಿ.
ಗ್ಯಾಲರಿಯ ಆ ತುದಿಗೂ ಕಾಣುತ್ತದಲ್ಲ ಎಂದು
ಹೋಗಿ ನೋಡಿ ಬಂದೆ, ಮೂರು ಸಲ.

ತಿಂಗಳಾಗಿರಬೇಕು.
ತಾವಡೆಯ ಮೊಮ್ಮಗಳು ಮುಕ್ತಾ, ಹದಿಮೂರರ ಹುಡುಗಿ,
ಶಾಲೆಯಲ್ಲಿ ತಲೆ ತಿರುಗಿ ಬಿದ್ದಳಂತೆ.
ನೀರು ಕುಡಿಯುವುದೇ ಬಿಟ್ಟಿದ್ದಾಳಂತೆ.
ನನ್ನವಳು ಅಕ್ಕಿ ಆರಿಸುತ್ತ ಹೇಳಿದಳು,
ಹೇಳಿ ಸುಮ್ಮನಾದಳು,
ಮತ್ತೆ, ಮೊರದಿಂದ ಕಣ್ಣೆತ್ತದೆ:
"ನಿಮ್ಮ ದೀಪ ಉರಿದಷ್ಟು ಹೊತ್ತೂ
ಹುಡುಗರು ಗ್ಯಾಲರಿಯಲ್ಲಿ ನಿಂತು ಎಣಿಸುತ್ತಾರೆ."

ಆ ರಾತ್ರಿ ಮೆಟ್ಟಿಲ ಬಳಿ ಕೂತೆ, ಕೈಯಲ್ಲಿ ಪಕ್ಕಡವಿಲ್ಲದೆ.
ಲಿಂಗಪ್ಪಜ್ಜ ಕೋಲನ್ನು ಕಂಕುಳಿಗೆ ಸಿಕ್ಕಿಸಿ
ತಲೆಮಟ್ಟದ ಕೊಂಡಿಯನ್ನು ತಡಕುವುದು ಕಂಡಿತು.
ಅದು ಎಟುಕದ ಚಿನ್ನು ಒಳಗೆ,
ಕದ ಹಿಡಿದು ತೂಕಡಿಸುವ ಅವನಮ್ಮ ಹೊರಗೆ.
ಎರಡು ಗಂಟೆಗೆ ಮುಕ್ತಾ ಬಂದಳು, ಬರಿಗಾಲಲ್ಲಿ.
ನನ್ನ ನೋಡಿದಳು, ತಿರುಗಿ ಹೋದಳು.

ಉರಿಯುತ್ತ ಕೂತಿದ್ದೆನಲ್ಲ, ನಾನೂ.
ಎದ್ದು ಒಳಗೆ ಬಂದು
ನಮ್ಮ ಕದವನ್ನು ಜೋರಾಗಿಯೇ ಮುಚ್ಚಿದೆ,
ಅವಳಿಗೆ ಕೇಳಲಿ ಎಂದು.

ಮರುದಿನ ವಿಚಾರಿಸಿದ್ದು ನನ್ನವಳು.
ಹುಡುಗಿ ಎರಡು ಉಗುರು ಕಚ್ಚಿ ಮುಗಿಸಿ ಹೇಳಿದಳಂತೆ:
"ಬಂದವರಿಗೆ ತಿಳಿದರೆ ಸಾಕಲ್ಲ ಕಾಕಿ.
ಬರದವರಿಗೆ ಯಾಕೆ?"

ರಟ್ಟಿನಲ್ಲಿ ಒಂದು ಮಾಡಿದೆ, ಎರಡೇ ದಿನಕ್ಕೆ ನೆನೆದ ಹಪ್ಪಳ.
ತಗಡಿನದು ಕಿರ್ರೆಂದು ಡಂಗುರ ಸಾರಿತು.
ಮರದ ಮೊದಲನೆಯದು ಉಬ್ಬಿ
ಡಿಮೆಲ್ಲೋ ಒಳಗೇ ಉಳಿದು ಬೈದದ್ದು
ಕೆಳಗಿನ ಮಾಳಿಗೆಗೂ ಕೇಳಿತು.
ಕೊನೆಗೆ ಸಾಗುವಾನಿಯ ಒಂದು ಚೂರು,
ಚಿನ್ನುವಿನ ಎದೆಮಟ್ಟಕ್ಕೆ,
ಅಜ್ಜನ ಕೋಲು ಹಿಡಿದ ಕೈಯ ಮಟ್ಟಕ್ಕೆ.
ಒಳಗೆ ಹೊರಳಿಸಿದರೆ
ಹೊರಗೊಂದು ಗುಬುಟು ಅಡ್ಡವಾಗುತ್ತದೆ,
ಹುಣಸೆಬೀಜದಷ್ಟು.
ಕತ್ತಲಲ್ಲಿ ಬೆರಳಿಗೂ ತಿಳಿಯುತ್ತದೆ,
ಎರಡು ಹೆಜ್ಜೆ ಆಚೆಗೆ ಕಣ್ಣಿಗೂ ಇಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ,
ಚಹಾವೂ ಬರಲಿಲ್ಲ.
ಕೆಂಪು ದೀಪವನ್ನು ಗಣಪತಿ ಪೆಂಡಾಲಿಗೆ ಒಯ್ದರು.
ತಾವಡೆ ಕಾಕಾ ಇನ್ನೂ ಅಭಂಗ ಹೇಳುತ್ತಾರೆ,
ಅಭ್ಯಾಸ ಅಷ್ಟೆ.

ಮೊನ್ನೆ ಮಟಮಟ ಮಧ್ಯಾಹ್ನ
ಮುಕ್ತಾ ನಳಕ್ಕೆ ಬೊಗಸೆಯೊಡ್ಡಿ ಕುಡಿಯುತ್ತಿದ್ದಳು.
ತೋಳಿಗೆ ಬಾಯಿ ಒರೆಸಿಕೊಂಡು
ಮತ್ತೆ ಬಗ್ಗಿದಳು.
ನಾನು ಬೇರೆ ಕಡೆ ನೋಡಿದೆ.